ನೀರಿಗೊಂದು ದುಪ್ಪಟಿ, ದುಪ್ಪಟಿಗೊಂದು ರಾಟೆ

ಕೊತ್ತತ್ತಿ ಅಂದರೆ ಮಂಡ್ಯ ತಾಲ್ಲೂಕಿನ ಒಂದು ಹೋಬಳಿ. ವಿಶ್ವೇಶ್ವರಯ್ಯ ನಾಲೆ, ಕಬ್ಬು, ಭತ್ತ, ಆಲೆಮನೆ... ಇಷ್ಟು ಹೇಳಿಬಿಟ್ಟರೆ ನಮ್ಮ ಕಡೆಯ ಪರಿಚಯ ಮುಕ್ಕಾಲು ಪಾಲು ಮುಗಿದ ಹಾಗೆ. ಅಂಥ ಊರಿನವನು ಈಜುಕೊಳಕ್ಕೆ ಹೊದಿಸುವ ಪ್ಲಾಸ್ಟಿಕ್ ಹೊದಿಕೆ ಬಗ್ಗೆ ಬರೆಯಲು ಕೂತಿದ್ದಾನೆ ಅಂದರೆ, "ಇವನಿಗೆ ಬೇರೆ ಕೆಲಸ ಇಲ್ವಾ" ಅಂತ ನಿಮಗೆ ಅನ್ನಿಸಬಹುದು. ಏನು ಮಾಡೋದು, ಎರಡು ಮೂರು ವರ್ಷದಿಂದ ಊರಿಗೆ ಫೋನ್ ಮಾಡಿದಾಗಲೆಲ್ಲಾ ಮಾತು ತಿರುಗಿ ತಿರುಗಿ ಬರ್ತಾ ಇದ್ದದ್ದು ಈ ವಿಷಯಕ್ಕೇ.

ಕಥೆ ಇಷ್ಟೇ. 2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯ್ತಲ್ಲ, ಅದಾದ ಮೇಲೆ ನನ್ನ ಚಿಕ್ಕಪ್ಪನ ಮಗನಿಗೆ ತೋಟದಲ್ಲಿ ಹೋಂಸ್ಟೇ ಮಾಡುವ ಆಸೆ ಹುಟ್ಟಿತು. ನಾಲ್ಕು ರೂಮು, ತೆಂಗಿನ ಮರ, ಮುದ್ದೆ ಊಟ, ಪಕ್ಕದಲ್ಲಿ ಆಲೆಮನೆ. ಎಲ್ಲಾ ಸರಿ, ಆದರೆ ಫೋನ್ ಮಾಡಿದವರೆಲ್ಲಾ ಮೊದಲು ಕೇಳೋದು ಒಂದೇ ಪ್ರಶ್ನೆ ಅಂತೆ.

"ಸ್ವಿಮ್ಮಿಂಗ್ ಪೂಲ್ ಇಲ್ಲ ಅಂದ್ರೆ ಬೆಂಗ್ಳೂರೋರು ಫೋನೇ ಇಟ್ಬುಡ್ತಾರೆ ಕಣಣ್ಣ" ಅಂದ.

ನಮ್ಮ ಚಿಕ್ಕಮ್ಮ ಹಿಂದಿನಿಂದ ಕೂಗಿದ್ದು ನನಗೂ ಕೇಳಿಸ್ತು. "ಗದ್ದೆಗೇ ನೀರಿಲ್ಲ, ಇವ್ನು ಈಜಕ್ಕೆ ನೀರು ನಿಲ್ಲುಸ್ತಾನಂತೆ!"

ಚಿಕ್ಕಮ್ಮನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಆ ವರ್ಷ ಮಳೆ ಕೈಕೊಟ್ಟು ಕನ್ನಂಬಾಡಿ ಕಟ್ಟೆ ತುಂಬಲಿಲ್ಲ. ಸೆಪ್ಟೆಂಬರ್‌ನಲ್ಲಿ ಕಾವೇರಿ ವಿಷಯಕ್ಕೆ ಮಂಡ್ಯ ಬಂದ್ ಆಯ್ತು, ಅದೇ ತಿಂಗಳ ಕೊನೆಗೆ ಇಡೀ ಕರ್ನಾಟಕ ಬಂದ್ ಆಯ್ತು. ಮುಂದಿನ ಬೇಸಿಗೆಯಲ್ಲಿ, ಅಂದರೆ 2024ರ ಮಾರ್ಚ್‌ನಲ್ಲಿ, ಬೆಂಗಳೂರು ಜಲಮಂಡಳಿಯವರು ಈಜುಕೊಳಕ್ಕೆ ಕುಡಿಯುವ ನೀರು ಬಳಸಿದರೆ 5000 ರೂಪಾಯಿ ದಂಡ ಅಂತ ಆದೇಶ ಹೊರಡಿಸಿದರು. ಇಂಥ ಹೊತ್ತಿನಲ್ಲಿ ಹಳ್ಳಿಯಲ್ಲಿ ಒಬ್ಬ ಈಜುಕೊಳ ಕಟ್ಟಿದರೆ ಊರಿನವರು ಏನಂತಾರೆ? ಮುಖದ ಮೇಲೆ ಏನೂ ಅನ್ನೋದಿಲ್ಲ, ಅದೇ ಕಷ್ಟ. ತಮ್ಮ ಒಂದು ವರ್ಷ ಸುಮ್ಮನಿದ್ದ. 2024ರ ಜುಲೈನಲ್ಲಿ ಕಟ್ಟೆ ಮತ್ತೆ ತುಂಬಿತು, ಇವನ ಆಸೆಯೂ ಜೊತೆಗೇ ತುಂಬಿತು.

ನಾನಿರೋದು ಕ್ಯಾಲಿಫೋರ್ನಿಯಾದಲ್ಲಿ. ನಮ್ಮ ಬಡಾವಣೆಯಲ್ಲಿ ಮೂರು ಮನೆಗೊಂದು ಹಿತ್ತಲ ಈಜುಕೊಳ. 2015ರ ಬರದ ವರ್ಷದಲ್ಲಿ ನಗರಗಳ ನೀರಿನ ಬಳಕೆಯನ್ನು ಶೇಕಡಾ 25ರಷ್ಟು ಇಳಿಸಬೇಕು ಅಂತ ರಾಜ್ಯಪಾಲರು ಆದೇಶ ಮಾಡಿದಾಗ, ಹುಲ್ಲುಹಾಸು ಒಣಗಿಸುವುದರ ಜೊತೆಗೆ ಎಲ್ಲರ ಬಾಯಲ್ಲೂ ಬಂದ ಇನ್ನೊಂದು ಮಾತು ಪೂಲ್ ಕವರ್. ಆಗಿನಿಂದ ಈ ವಸ್ತುವನ್ನು ನೋಡ್ತಾ, ಎಳೀತಾ, ಸುತ್ತುತ್ತಾ ಬಂದಿದ್ದೇನೆ. ಹಾಗಾಗಿ ತಮ್ಮನಿಗೆ ನಾನೇ ಇಂಜಿನಿಯರ್ :)

ಮೊದಲು ಒಂದು ಲೆಕ್ಕ. ತಮ್ಮನ ಕೊಳ 10 ಮೀಟರ್ ಉದ್ದ, 5 ಮೀಟರ್ ಅಗಲ. ಅಂದರೆ 50 ಚದರ ಮೀಟರ್. ಒಂದು ಚದರ ಮೀಟರಿನಲ್ಲಿ ಒಂದು ಮಿಲಿಮೀಟರ್ ನೀರು ಇಳಿದರೆ ಒಂದು ಲೀಟರ್. ಬೇಸಿಗೆಯಲ್ಲಿ ದಿನಕ್ಕೆ 5 ಮಿಲಿಮೀಟರ್ ಆವಿಯಾಗುತ್ತೆ ಅಂತ ಇಟ್ಟುಕೊಳ್ಳಿ. ದಿನಕ್ಕೆ 250 ಲೀಟರ್ ಆಯ್ತು. ಮಾರ್ಚ್‌ನಿಂದ ಮೇವರೆಗೆ 92 ದಿನಕ್ಕೆ 23,000 ಲೀಟರ್!

ಇದು ದೊಡ್ಡದೋ ಚಿಕ್ಕದೋ? ಗದ್ದೆಯ ಮುಂದೆ ಇಟ್ಟರೆ ಚಿಕ್ಕದೇ. ನಾಲ್ಕೂವರೆ ಗುಂಟೆ ಗದ್ದೆಗೆ ಒಂದೇ ಒಂದು ಸಲ ಎರಡು ಅಂಗುಲ ನೀರು ನಿಲ್ಲಿಸಿದಷ್ಟು. ಆದರೆ ನಲ್ಲಿಯ ಮುಂದೆ ಇಟ್ಟು ನೋಡಿ. ಜಲ ಜೀವನ್ ಮಿಷನ್ ಪ್ರಕಾರ ಹಳ್ಳಿಯಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಕೊಡಬೇಕು. 250 ಲೀಟರ್ ಅಂದರೆ ನಾಲ್ಕೈದು ಜನರ ಒಂದು ಸಂಸಾರದ ಇಡೀ ದಿನದ ನೀರು. ಅಷ್ಟನ್ನು ಯಾರೂ ಕುಡಿಯದೆ, ಯಾರೂ ಮೀಯದೆ, ದಿನಾ ಗಾಳಿಗೆ ಕೊಟ್ಟ ಹಾಗೆ. ಚಿಕ್ಕಮ್ಮನ ಸಿಟ್ಟಿಗೆ ಲೆಕ್ಕದ ಆಧಾರ ಸಿಕ್ಕಿತು ನೋಡಿ!

ನಾವೆಲ್ಲಾ ಚಿಕ್ಕವರಿದ್ದಾಗ ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತವರು. ಆ ಬಾವಿಗೆ ಯಾವ ಹೊದಿಕೆಯೂ ಬೇಕಿರಲಿಲ್ಲ. ಬಾವಿ ಆಳ, ಬಾಯಿ ಸಣ್ಣದು. ನೀರಿನ ಮೇಲೆ ಬಿಸಿಲು ಬೀಳೋದು ನಡುಮಧ್ಯಾಹ್ನ ಸ್ವಲ್ಪ ಹೊತ್ತು, ಗಾಳಿ ಒಳಗೆ ಇಳಿಯೋದೇ ಇಲ್ಲ. ಈಜುಕೊಳ ಅದಕ್ಕೆ ಪೂರ್ತಿ ಉಲ್ಟಾ. ಆಳ ಕಮ್ಮಿ, ಅಗಲ ಜಾಸ್ತಿ, ಇಡೀ ದಿನ ಬಿಸಿಲಿಗೆ ಮುಖ ಮಾಡಿಕೊಂಡು ಮಲಗಿರುತ್ತೆ.

ಈಗ ಹೊದಿಕೆಯ ವಿಷಯ. ಇದಕ್ಕೆ ಸೋಲಾರ್ ಕವರ್ ಅಂತ ಹೆಸರು. ಟೀವಿ, ಮಿಕ್ಸಿ ಪ್ಯಾಕ್ ಮಾಡಿ ಕಳಿಸ್ತಾರಲ್ಲ, ಮಕ್ಕಳು ಟಪ್ ಟಪ್ ಅಂತ ಒಡೆಯೋ ಗುಳ್ಳೆ ಪ್ಲಾಸ್ಟಿಕ್, ಅದರ ದೊಡ್ಡಣ್ಣ ಇದು. ನೀರಿನ ಮೇಲೆ ತೇಲುತ್ತೆ. ಹೆಸರು ಕೇಳಿದರೆ ಇದೇನೋ ಬಿಸಿಲಿನಿಂದ ನೀರು ಕಾಯಿಸುವ ಯಂತ್ರ ಅನ್ನಿಸುತ್ತೆ. ಅಲ್ಲ. ಅದರ ಮುಖ್ಯ ಕೆಲಸ ಆವಿ ಆಗದ ಹಾಗೆ ತಡೆಯೋದು. ಬಿಸಿ ಉಳಿಯೋದು ಅದರ ಫಲ.

ಇದನ್ನು ತಮ್ಮನಿಗೆ ಹೇಳೋಕೆ ಆಲೆಮನೆ ಸಾಕಾಯ್ತು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಬೆಲ್ಲ ಆಗಬೇಕಾದರೆ ಎಷ್ಟು ಸಿಪ್ಪೆ ಉರಿಸಬೇಕು? ಕಬ್ಬಿನ ಹಾಲು ಹೀರಿಕೊಳ್ಳುವ ಶಾಖದಲ್ಲಿ ಹೆಚ್ಚು ಪಾಲು ಹೋಗೋದು ನೀರನ್ನು ಆವಿ ಮಾಡೋಕೆ. ಕೆಳಗೆ ಉರಿ ಇಲ್ಲದ ಕಡೆಯೂ ನೀರು ಆವಿಯಾಗುತ್ತೆ, ಆದರೆ ಬೇಕಾದ ಶಾಖವನ್ನು ಉಳಿದ ನೀರಿನಿಂದಲೇ ಕಿತ್ತುಕೊಂಡು ಹೋಗುತ್ತೆ. ಮಡಕೆ ನೀರು ತಣ್ಣಗಿರೋದು ಇದಕ್ಕೇ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2400 ಕಿಲೋಜೂಲ್ ಬೇಕು. 250 ಲೀಟರಿಗೆ ಲೆಕ್ಕ ಹಾಕಿದರೆ ಹತ್ತಿರ ಹತ್ತಿರ 170 ಯೂನಿಟ್ ಕರೆಂಟಿನಷ್ಟು ಶಾಖ, ದಿನಾ! ನಮ್ಮ ಕಡೆ ಬಿಸಿಲು ಒಂದು ಚದರ ಮೀಟರಿಗೆ ದಿನಕ್ಕೆ ಸುಮಾರು 5 ಯೂನಿಟ್‌ನಷ್ಟು ಶಕ್ತಿ ಸುರಿಯುತ್ತೆ, ಅಂದರೆ ಇಡೀ ಕೊಳಕ್ಕೆ 250 ಯೂನಿಟ್. ಬಿಸಿಲು ಬೇಕಾದಷ್ಟು ಕೊಡ್ತಾ ಇದೆ, ಸೋರಿ ಹೋಗ್ತಾ ಇದೆ ಅಷ್ಟೇ. ಈಜುಕೊಳ ಕಳೆದುಕೊಳ್ಳುವ ಶಾಖದಲ್ಲಿ ಶೇಕಡಾ 70ರಷ್ಟು ಆವಿಯ ದಾರಿಯಲ್ಲೇ ಹೋಗುತ್ತೆ ಅಂತ ಅಮೆರಿಕದ ಇಂಧನ ಇಲಾಖೆ ಹೇಳುತ್ತೆ. ಹೊದಿಕೆ ಬಳಸಿದರೆ ಮತ್ತೆ ತುಂಬಿಸುವ ನೀರು ಶೇಕಡಾ 30ರಿಂದ 50, ರಾಸಾಯನಿಕಗಳ ಖರ್ಚು ಶೇಕಡಾ 35ರಿಂದ 60 ಕಮ್ಮಿ ಆಗುತ್ತೆ ಅನ್ನೋದೂ ಅವರದೇ ಲೆಕ್ಕ.

ಆಲೆಮನೆಯಿಂದ ಇನ್ನೊಂದು ಪಾಠವೂ ಇದೆ. ನೀರು ಆವಿಯಾಗುತ್ತೆ, ಸಕ್ಕರೆ ಉಳಿಯುತ್ತೆ. ಕೊಳದಲ್ಲೂ ಹಾಗೇ, ನೀರು ಹೋಗುತ್ತೆ, ಸುಣ್ಣ ಮತ್ತು ಉಪ್ಪು ಉಳಿಯುತ್ತೆ. ತಮ್ಮನ ಬೋರ್‌ವೆಲ್ ನೀರು ಮೊದಲೇ ಗಡಸು. ಇಳಿದಷ್ಟು ನೀರನ್ನು ಅದೇ ಬೋರ್‌ವೆಲ್ಲಿನಿಂದ ತುಂಬಿಸ್ತಾ ಹೋದರೆ ಒಂದೊಂದು ಸಲವೂ ಇನ್ನಷ್ಟು ಸುಣ್ಣ ಸೇರುತ್ತೆ. ಕೊನೆಗೆ ಟೈಲ್ಸ್ ಮೇಲೆ ಬಿಳಿ ಪಟ್ಟಿ ಕೂರುತ್ತೆ, ಫಿಲ್ಟರ್ ಕಟ್ಟಿಕೊಳ್ಳುತ್ತೆ, ಕೊಳದ ನೀರನ್ನೇ ಹೊರಗೆ ಚೆಲ್ಲಿ ಹೊಸ ನೀರು ತುಂಬಬೇಕಾಗುತ್ತೆ. ಅಲ್ಲಿಗೆ ಸಾವಿರಾರು ಲೀಟರ್ ಹೋಯ್ತು.

ಯಾವ ಹೊದಿಕೆ ಆರಿಸಬೇಕು? ಇಲ್ಲಿ ಸ್ವಲ್ಪ ಹುಷಾರಾಗಿರಬೇಕು. ಇಂಟರ್‌ನೆಟ್ಟಿನಲ್ಲಿ ಸಿಗುವ ಸಲಹೆ ಎಲ್ಲಾ ಚಳಿ ದೇಶದವರದು. ಪಾರದರ್ಶಕ ಹೊದಿಕೆ ತಗೊಳ್ಳಿ, ಬೆಳಕು ನೀರಿನೊಳಗೆ ಇಳಿದು ಚೆನ್ನಾಗಿ ಬಿಸಿಯಾಗುತ್ತೆ ಅಂತಾರೆ. ಅವರಿಗೆ ಅದು ಸರಿ. ಏಪ್ರಿಲ್ ತಿಂಗಳ ಮಂಡ್ಯದಲ್ಲಿ ನೀರು ಬಿಸಿ ಮಾಡಿಕೊಂಡು ಏನು ಮಾಡ್ತೀರಿ? ಹಂಡೆ ನೀರಿನಲ್ಲಿ ಇಳಿದ ಹಾಗಾಗುತ್ತೆ. ಬೆಚ್ಚಗಿನ ನೀರಿನಲ್ಲಿ ಪಾಚಿ ಬೇಗ ಬೆಳೆಯುತ್ತೆ, ಕ್ಲೋರಿನ್ನೂ ಬೇಗ ಮುಗಿಯುತ್ತೆ. ನಮ್ಮ ಕಡೆ ಬೇಕಿರೋದು ಆವಿ ತಡೆ, ಬಿಸಿ ಅಲ್ಲ. ಅದಕ್ಕೆ ಬೆಳಕು ಒಳಗೆ ಬಿಡದ, ಮೇಲ್ಗಡೆ ಬಿಳಿ ಅಥವಾ ಬೆಳ್ಳಿ ಬಣ್ಣ ಇರುವ ಹೊದಿಕೆ ಒಳ್ಳೇದು. ಬಿಸಿಲನ್ನು ವಾಪಸ್ ಕಳಿಸುತ್ತೆ, ಬೆಳಕಿಲ್ಲದೆ ಪಾಚಿ ಸೊರಗುತ್ತೆ, ಬಿಸಿಲಿಗೆ ಹಾಳಾಗುವ ಕ್ಲೋರಿನ್ ಉಳಿಯುತ್ತೆ. ಡಿಸೆಂಬರ್, ಜನವರಿಯಲ್ಲಿ ಸ್ವಲ್ಪ ಬೆಚ್ಚಗೆ ಬೇಕು ಅಂದರೆ ಹಗಲು ತೆರೆದಿಟ್ಟು ಸಂಜೆ ಹೊದಿಸಿದರೆ ಆಯ್ತು. ಹಗಲು ಕುಡಿದ ಬಿಸಿ ರಾತ್ರಿ ಒಳಗೇ ಉಳಿಯುತ್ತೆ.

ದಪ್ಪದ ವಿಷಯ. 200, 300, 400 ಮೈಕ್ರಾನ್ ಹೀಗೆ ಬರುತ್ತೆ. ದಪ್ಪ ಇದ್ದಷ್ಟೂ ಬಾಳಿಕೆ ಜಾಸ್ತಿ, ಭಾರವೂ ಜಾಸ್ತಿ. ಆವಿ ತಡೆಯೋದರಲ್ಲಿ ಅಷ್ಟೇನೂ ವ್ಯತ್ಯಾಸ ಇಲ್ಲ. 50 ಚದರ ಮೀಟರಿನ 400 ಮೈಕ್ರಾನ್ ಹೊದಿಕೆ ಒಣಗಿದ್ದಾಗಲೇ ಸುಮಾರು 18 ಕೆಜಿ ತೂಗುತ್ತೆ. ಒದ್ದೆಯಾದರೆ ಇನ್ನೂ ಜಾಸ್ತಿ. ಈ ತೂಕವನ್ನು ನೆನಪಿನಲ್ಲಿಡಿ, ಅಸಲಿ ವಿಷಯಕ್ಕೆ ಈಗ ಬರ್ತೀನಿ.

ನಮ್ಮ ಬಡಾವಣೆಯಲ್ಲಿ 2015ರಲ್ಲಿ ಉತ್ಸಾಹದಿಂದ ಕವರ್ ತಂದವರು ಬಹಳ ಜನ. ಮೊದಲ ವಾರ ದಿನಾ ಸಂಜೆ ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ ನಿಂತು ಎಳೆದು ಹೊದಿಸೋದು. ಎರಡನೇ ವಾರ ಒಬ್ಬರಿಗೆ ಬೆನ್ನು ನೋವು. ಮೂರನೇ ವಾರಕ್ಕೆ ಹೊದಿಕೆ ಬೇಲಿ ಪಕ್ಕದಲ್ಲಿ ಮುದ್ದೆಯಾಗಿ ಬಿದ್ದಿರುತ್ತೆ, ಅದರ ಮಡಿಕೆಯಲ್ಲಿ ನೀರು, ಎಲೆ, ಜೇಡ. ಕೊಳ ಮಾತ್ರ ತೆರೆದುಕೊಂಡೇ ಇರುತ್ತೆ. ಹೊದಿಕೆಯನ್ನು ಕೊನೆವರೆಗೂ ಬಳಸಿದವರು ಯಾರು ಅಂತ ನೋಡಿದರೆ, ದುಬಾರಿ ಹೊದಿಕೆ ತಂದವರಲ್ಲ, ರೀಲ್ ಹಾಕಿಸಿದವರು! ರೀಲ್ ಅಂದರೆ ಬೇರೇನಲ್ಲ, ಕೊಳದ ಒಂದು ತುದಿಯಲ್ಲಿ ಅಡ್ಡಲಾಗಿ ನಿಲ್ಲುವ ಒಂದು ಕೊಳವೆ, ಎರಡು ಕಡೆ ಕಾಲು, ತಿರುಗಿಸೋಕೆ ಒಂದು ಚಕ್ರ. ನಮ್ಮ ಬಾವಿಯ ರಾಟೆಯ ದೂರದ ಸಂಬಂಧಿ. ಬರಿಗೈಯಲ್ಲಿ ಬಿಂದಿಗೆ ಎಳೆಯೋದಕ್ಕೂ ರಾಟೆಯಲ್ಲಿ ಎಳೆಯೋದಕ್ಕೂ ಎಷ್ಟು ವ್ಯತ್ಯಾಸವೋ ಇಲ್ಲೂ ಅಷ್ಟೇ. ಒಬ್ಬರೇ ಒಂದೆರಡು ನಿಮಿಷದಲ್ಲಿ ಸುತ್ತಿಬಿಡಬಹುದು.

ಹಾಗಾಗಿ ನಾನು ತಮ್ಮನಿಗೆ ಹೇಳಿದ್ದು ಇಷ್ಟು: ಹೊದಿಕೆಯಲ್ಲಿ ಬೇಕಾದರೆ ದುಡ್ಡು ಉಳಿಸು, ರಾಟೆಯಲ್ಲಿ ಉಳಿಸಬೇಡ. ನೀರು ಉಳಿಸೋದು ಪ್ಲಾಸ್ಟಿಕ್ ಅಲ್ಲ, ದಿನಾ ಸಂಜೆ ಬೇಜಾರಿಲ್ಲದೆ ಅದನ್ನು ಹೊದಿಸುವ ಕೈ. ಆ ಕೈಗೆ ಸುಲಭ ಆಗದಿದ್ದರೆ ಎಷ್ಟು ಮೈಕ್ರಾನ್ ಇದ್ದರೂ ದಂಡ.

ಈ ಮಾತು ಕೊಳದ ಆಕಾರಕ್ಕೇ ಹೋಗಿ ಮುಟ್ಟಿತು. ಅವನ ಮೇಸ್ತ್ರಿ ಗೋಡಂಬಿ ಆಕಾರದ ನಕ್ಷೆ ತಂದಿದ್ದ. ಫೋಟೋದಲ್ಲಿ ಚೆಂದ ಕಾಣುತ್ತೆ, ನಿಜ. ಆದರೆ ಡೊಂಕು ಕೊಳದ ಹೊದಿಕೆಯನ್ನು ನೆಟ್ಟಗಿನ ಕೊಳವೆಗೆ ಸುತ್ತೋದು ದಿನನಿತ್ಯದ ಜಗಳ. ತುಂಡು ತುಂಡು ಮಾಡಿ ಹಾಕಬೇಕಾಗುತ್ತೆ. "ಅಣ್ಣ, ಚೌಕದ್ದು ಮಾಡುದ್ರೆ ನೀರಿನ ತೊಟ್ಟಿ ಥರ ಕಾಣಲ್ವಾ?" ಅಂದ. ಕಂಡರೆ ಕಾಣಲಿ ಬಿಡು, ನಮ್ಮ ಕಲ್ಯಾಣಿಗಳೆಲ್ಲಾ ಚೌಕದವೇ, ಅವಕ್ಕಿಂತ ಚೆಂದ ಇನ್ನೇನಿದೆ ಅಂದೆ. ಆ ಮಾತು ಕೆಲಸ ಮಾಡಿತು. ಕೊಳ ಆಯತಾಕಾರವಾಗಿಯೇ ಆಯ್ತು.

ರಾಟೆಗೆ ಕೆಲವು ಲೆಕ್ಕ ಇದೆ. ಕೊಳವೆ ಕೊಳದ ಅಗಲಕ್ಕಿಂತ ಒಂದಡಿಯಾದರೂ ಉದ್ದ ಇರಬೇಕು. ತೆಳ್ಳಗಿನ ಕೊಳವೆ ನಡುವೆ ಬಾಗುತ್ತೆ, ಬಾಗಿದರೆ ಹೊದಿಕೆ ಸೊಟ್ಟಗೆ ಸುತ್ತಿಕೊಳ್ಳುತ್ತೆ. 10 ಮೀಟರ್ ಹೊದಿಕೆ ಸುತ್ತಿದರೆ ಒಂದಡಿಗೂ ಮೀರಿದ ದಪ್ಪ ಆಗುತ್ತೆ, ಅದಕ್ಕೆ ಕೊಳದ ತುದಿಯಲ್ಲಿ ಜಾಗ ಬಿಟ್ಟಿರಬೇಕು. ತಮ್ಮ ಕೊನೆಗೆ ಗೇಟ್ ಮಾಡುವ ವೆಲ್ಡಿಂಗ್ ಅಂಗಡಿಯಲ್ಲೇ ರಾಟೆ ಮಾಡಿಸಿದ. ಪೈಪು, ಎರಡು ಬೇರಿಂಗ್, ಕಾಲಿಗೆ ಗಾಲಿ, ತಿರುಗಿಸಲು ಒಂದು ದೊಡ್ಡ ಹಿಡಿ. ಅಮೆರಿಕದ್ದರಷ್ಟು ನಾಜೂಕಿಲ್ಲ, ಆದರೆ ನಮ್ಮ ಚಿಕ್ಕಮ್ಮ ಒಂದೇ ಕೈಯಲ್ಲಿ ತಿರುಗಿಸ್ತಾರೆ. ಅದಕ್ಕಿಂತ ದೊಡ್ಡ ಪರೀಕ್ಷೆ ಬೇಕೇ?

ಬಳಸುವಾಗ ಗಮನಿಸಬೇಕಾದ್ದನ್ನೂ ಹೇಳಿಬಿಡ್ತೀನಿ, ಯಾರಿಗಾದರೂ ಉಪಯೋಗ ಆಗಬಹುದು. ಗುಳ್ಳೆ ಇರುವ ಮುಖ ನೀರಿನ ಕಡೆಗೆ ಇರಬೇಕು. ಹೊಸ ಹೊದಿಕೆಯನ್ನು ಬಂದ ದಿನವೇ ಕತ್ತರಿಸಬಾರದು. ಎರಡು ಮೂರು ದಿನ ನೀರಿನ ಮೇಲೆ ಬಿಟ್ಟರೆ ಮಡಿಕೆ ಹೋಗಿ ಸಡಿಲ ಆಗುತ್ತೆ, ಆಮೇಲೆ ಅಂಚಿಗೆ ಸರಿಯಾಗಿ ಕತ್ತರಿಯಲ್ಲಿ ಕತ್ತರಿಸಬೇಕು. ಸುತ್ತಿಟ್ಟ ಹೊದಿಕೆ ಬಿಸಿಲಿನಲ್ಲಿ ಇದ್ದರೆ ಸುರುಳಿಯೊಳಗೆ ಶಾಖ ಸೇರಿ ಗುಳ್ಳೆಗಳೆಲ್ಲಾ ಬೆಂದುಹೋಗುತ್ತೆ. ಸುರುಳಿಯ ಮೇಲೆ ಒಂದು ಬಿಳಿ ಬಟ್ಟೆ ಹೊದಿಸಲೇಬೇಕು. ಕ್ಲೋರಿನ್ ಜಾಸ್ತಿ ಹಾಕಿದ ದಿನ ಅದರ ಮಟ್ಟ ಇಳಿಯುವವರೆಗೆ ಕೊಳ ತೆರೆದಿಡಬೇಕು, ಇಲ್ಲದಿದ್ದರೆ ಹೊದಿಕೆ ಬೇಗ ಸಾಯುತ್ತೆ. ಮಳೆಗಾಲದಲ್ಲಿ ಹೊದಿಕೆಯ ಮೇಲೆ ನೀರು ನಿಂತರೆ ಸೊಳ್ಳೆಗೆ ಹಬ್ಬ, ಚೆಲ್ಲುತ್ತಾ ಇರಬೇಕು.

ನೀರು ಆವಿಯಾಗ್ತಿದೆಯೋ ಸೋರುತ್ತಿದೆಯೋ ಅಂತ ಅನುಮಾನ ಬಂದರೆ ಒಂದು ಬಕೆಟ್ ಸಾಕು. ಹೊದಿಕೆ ತೆಗೆದು, ಕೊಳದ ಮೆಟ್ಟಿಲ ಮೇಲೆ ಕೊಳದ್ದೇ ನೀರು ತುಂಬಿದ ಬಕೆಟ್ ಇಟ್ಟು, ಬಕೆಟ್ ಒಳಗಿನ ಮಟ್ಟ, ಹೊರಗಿನ ಮಟ್ಟ ಎರಡಕ್ಕೂ ಗುರುತು ಹಾಕಿ. ಮಾರನೇ ದಿನ ಎರಡೂ ಒಂದೇ ಸಮ ಇಳಿದಿದ್ದರೆ ಆವಿ. ಹೊರಗೆ ಜಾಸ್ತಿ ಇಳಿದಿದ್ದರೆ ಸೋರಿಕೆ, ಮೇಸ್ತ್ರಿಯನ್ನು ಕರೆಸಿ.

ಇನ್ನೊಂದು ಮಾತು, ಇದು ಎಲ್ಲಕ್ಕಿಂತ ಮುಖ್ಯ. ಈ ಹೊದಿಕೆ ಸುರಕ್ಷತೆಗೆ ಅಲ್ಲ. ದೂರದಿಂದ ನೋಡಿದರೆ ನೆಲದ ಹಾಗೇ ಕಾಣುತ್ತೆ. ಚಿಕ್ಕ ಮಗು ಕಾಲಿಟ್ಟರೆ ಮಡಚಿಕೊಂಡು ಮಗುವನ್ನು ಒಳಗೆ ಎಳೆದುಕೊಂಡು ಮೇಲಿಂದ ಮುಚ್ಚಿಕೊಳ್ಳುತ್ತೆ. ಬಿದ್ದದ್ದೂ ಯಾರಿಗೂ ಕಾಣೋದಿಲ್ಲ. ಯಾರೇ ನೀರಿಗಿಳಿಯುವ ಮೊದಲು ಹೊದಿಕೆಯನ್ನು ಪೂರ್ತಿ ಸುತ್ತಬೇಕು, ಅರ್ಧ ಬಿಟ್ಟು ಈಜುವ ಹಾಗಿಲ್ಲ. ಸುತ್ತ ಬೇಲಿ, ಬೇಲಿಗೆ ಬೀಗ. ಕೃಷಿ ಹೊಂಡಕ್ಕೆ ಬಿದ್ದು ಮಕ್ಕಳು ತೀರಿಕೊಂಡ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಎಷ್ಟು ಸಲ ಬಂದಿಲ್ಲ. ಹೊಂಡದೊಳಗಿನ ನುಣ್ಣನೆಯ ಪ್ಲಾಸ್ಟಿಕ್ ಮೇಲೆ ಕಾಲು ನಿಲ್ಲೋದಿಲ್ಲ, ಹತ್ತಿ ಬರೋಕೆ ಆಗೋದಿಲ್ಲ. ತಮ್ಮ ಬೇರೆ ಯಾವುದರಲ್ಲಿ ಚೌಕಾಸಿ ಮಾಡಿದರೂ ಬೇಲಿಯಲ್ಲಿ ಮಾಡಲಿಲ್ಲ.

ಕೃಷಿ ಹೊಂಡ ಅಂದಾಗ ನೆನಪಾಯ್ತು. ನಮ್ಮ ರಾಜ್ಯದಲ್ಲಿ 2014ರಿಂದ ಕೃಷಿ ಭಾಗ್ಯದಲ್ಲಿ ಮಳೆಯಾಶ್ರಿತ ಕಡೆಗಳಲ್ಲೆಲ್ಲಾ ಹೊಂಡ ತೋಡಿಸಿದರು. ನೀರು ಇಂಗದಿರಲಿ ಅಂತ ಕೆಳಗೆ ಪ್ಲಾಸ್ಟಿಕ್ ಹಾಸಿದರು. ಆದರೆ ನೀರು ಕೆಳಗೆ ಇಂಗಿದರೆ ಮಣ್ಣಿಗಾದರೂ ಸೇರುತ್ತೆ, ಮೇಲೆ ಹೋದರೆ ನಮ್ಮದಲ್ಲ. ಕೆಳಗೆ ಚಾಪೆ ಹಾಸಿ ಮೇಲೆ ಹೊದಿಕೆ ಇಲ್ಲದೆ ಮಲಗಿಸಿದ ಹಾಗೆ ಅದು. ಗುಜರಾತಿನಲ್ಲಿ 2012ರಲ್ಲೇ ನರ್ಮದಾ ಉಪನಾಲೆಯ ಮೇಲೆ 750 ಮೀಟರ್ ಉದ್ದಕ್ಕೆ ಸೋಲಾರ್ ಫಲಕ ಹೊದಿಸಿ 1 ಮೆಗಾವಾಟ್ ಕರೆಂಟ್ ತೆಗೆದರು, ನೆರಳಿಗೆ ನೀರೂ ಉಳಿಯಿತು. ನೀರನ್ನು ತರುವುದಕ್ಕೆ ನಾವು ಮಾಡುವ ಹೋರಾಟದಲ್ಲಿ ನೂರಕ್ಕೊಂದು ಪಾಲು, ಬಂದ ನೀರನ್ನು ಮುಚ್ಚಿಡೋಕೂ ಮಾಡಬಹುದಲ್ಲವೇ ಅನ್ನಿಸುತ್ತೆ ನನಗೆ.

ತಮ್ಮನ ಹೋಂಸ್ಟೇಗೆ ಜನ ಬರೋದು ಶನಿವಾರ, ಭಾನುವಾರ. ಸೋಮವಾರದಿಂದ ಶುಕ್ರವಾರ ಕೊಳಕ್ಕೆ ಪೂರ್ತಿ ದುಪ್ಪಟಿ, ಬೆಳಿಗ್ಗೆ ಸ್ವಲ್ಪ ಹೊತ್ತು ಮಾತ್ರ ಗಾಳಿಯಾಡಲಿ ಅಂತ ತೆರೆಯುತ್ತಾನೆ. ಮೊದಲು ಎರಡು ದಿನಕ್ಕೊಮ್ಮೆ ಬೋರ್‌ವೆಲ್ ಮೋಟರ್ ಹಾಕಿ ಕೊಳಕ್ಕೆ ನೀರು ಬಿಡ್ತಿದ್ದವನು ಈಗ ವಾರಕ್ಕೊಮ್ಮೆ ಬಿಡ್ತಾನಂತೆ. ಬಿಟ್ಟ ದಿನ ಅಡುಗೆ ಮನೆ ಕ್ಯಾಲೆಂಡರಿನಲ್ಲಿ ಗುರುತು ಹಾಕ್ತಾನೆ. ಫಿಲ್ಟರ್ ತೊಳೆದ ನೀರು ನಿಂತು ಕ್ಲೋರಿನ್ ಇಳಿದ ಮೇಲೆ ತೆಂಗಿಗೆ ಹೋಗುತ್ತೆ.

ಊರಿನವರು ಈಗಲೂ ಮಾತಾಡ್ತಾರೆ, ಇಲ್ಲ ಅಂತ ಹೇಳೋದಿಲ್ಲ. ಮುಂದೆ ಇನ್ನೊಂದು ಬರಗಾಲ ಬಂದೇ ಬರುತ್ತೆ, ಆಗ ಈ ಕೊಳದಲ್ಲಿ ನೀರು ನಿಲ್ಲಿಸಬೇಕೋ ಬೇಡವೋ ಅನ್ನುವ ಪ್ರಶ್ನೆ ಹಾಗೇ ಇದೆ. "ಆಗ ಏನ್ ಮಾಡ್ತೀಯ?" ಅಂತ ಕೇಳಿದೆ. "ಆಗ ಖಾಲಿ ಮಾಡಿ ಬುಡ್ತೀನಿ ಕಣಣ್ಣ. ಆದ್ರೆ ಅಲ್ಲೀಗಂಟ ನಿಂತಿರೋ ನೀರ್ನ ಗಾಳಿಗೆ ಬುಡಕಿಲ್ಲ" ಅಂದ. ಚಿಕ್ಕಮ್ಮ ಈ ಸಲ ಹಿಂದಿನಿಂದ ಏನೂ ಕೂಗಲಿಲ್ಲ.